ಚಕ್ರದ ಟ್ರೆಗೆಂಜಾನಿಗೆ ಯಾರೂ ಹೇಳದ ಮಾತು

ಲ್ಯಾಕ್ಸಿ ಗಣಿಯ ನೀರೆತ್ತುವ ಕೆಂಪು ಚಕ್ರ ಹನ್ನೆರಡಾಳು ಎತ್ತರ. ಅದು ನಿಂತರೆ ತಳದಲ್ಲಿ ಸೀಸದ ಅದಿರು ಕಡಿಯುವವರ ಕುತ್ತಿಗೆಗೇ ನೀರು. ಹನ್ನೆರಡು ವರ್ಷದಿಂದ ಅದನ್ನು ನಿಲ್ಲಗೊಡದೆ ಕಾಯ್ದವನು ಜೋಯೆಲ್ ಟ್ರೆಗೆಂಜಾ. ಕಾರ್ನ್‌ವಾಲ್‌ನಿಂದ ನಮ್ಮ ದ್ವೀಪಕ್ಕೆ ಬಂದ ಒಂಟಿ ಆಸಾಮಿ, ಮೈತುಂಬ ಕೂದಲು, ಮಾತು ಕಡಿಮೆ. ಬೆಳಗಾದರೆ ಅಚ್ಚಿಗೆ ಕೊಬ್ಬು ಸವರಿ, ಗುಡ್ಡ ಹತ್ತಿ, ಚಕ್ರ ತಿರುಗಿಸುವ ನೀರು ಹರಿದುಬರುವ ಕಾಲುವೆಯ ಕಸ ತೆಗೆದು ಬರುತ್ತಿದ್ದ.

ಕಳೆದ ಫೆಬ್ರವರಿಯಲ್ಲಿ ಚಕ್ರದ ತೊಟ್ಟಿಗಳಿಗೆ ಹಿಮ ಕಟ್ಟಿತು. ಟ್ರೆಗೆಂಜಾ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಎರಡು ದಿನ ಸುತ್ತಿಗೆಯಿಂದ ಹಿಮ ಒಡೆದ. ತಳದಲ್ಲಿದ್ದ ನಲವತ್ತು ಜನ ಬದುಕಿ ಮೇಲೆ ಬಂದರು. ಅವರಲ್ಲಿ ಈಲಿಷ್ ಕಿನ್ರೇಡಳ ಗಂಡ ಇಲಿಯಾಮ್ ಕೂಡ ಇದ್ದ. ಬಂದವರೆಲ್ಲ ಟ್ರೆಗೆಂಜಾನ ಮುಂದೆಯೇ ತಲೆ ತಗ್ಗಿಸಿಕೊಂಡು ಹಾದುಹೋದರು. ಒಬ್ಬನಾದರೂ ತುಟಿ ಬಿಚ್ಚಲಿಲ್ಲ.

ನಮ್ಮವರ ಬುದ್ಧಿಗೆ ಏನನ್ನೋಣ! ಹೊಲಮನೆಗಳಲ್ಲಿ ಯಾರ ಕಣ್ಣಿಗೂ ಬೀಳದೆ ಕಾಳು ಬಡಿದುಕೊಡುವ ಕೂದಲುಮೈಯ ಮಾಯಾವಿಯೊಬ್ಬ ಇದ್ದಾನೆ, ಅವನಿಗೆ ಉಪಕಾರವಾಯಿತು ಅಂದರೆ ಅತ್ತುಕೊಂಡು ಊರು ಬಿಡುತ್ತಾನೆ ಎಂದು ಇಲ್ಲಿನವರ ನಂಬಿಕೆ. ಟ್ರೆಗೆಂಜಾನ ತೋಳು ನೋಡಿ ಯಾವಳೋ ಮುದುಕಿ, "ಇವನೂ ಅದೇ ಜಾತಿ, ಹೊಗಳಬೇಡಿ" ಅಂದಳಂತೆ. ತಮಾಷೆಗೆ ಆಡಿದ್ದೇ ಊರಿನ ಕಟ್ಟಳೆಯಾಗಿ ಕೂತಿತು.

ಒಂದು ಮಂಗಳವಾರ ಟ್ರೆಗೆಂಜಾ ಅಂಗಡಿಯಲ್ಲಿ ಪೆಟ್ಟಿಗೆಗೆ ಬೀಗ ಕೊಳ್ಳುವುದನ್ನು ಈಲಿಷ್ ಕಂಡಳು.

"ಎಲ್ಲಿಗೆ ಸವಾರಿ?"

"ಊರಿಗೆ. ಶನಿವಾರದ ಹಡಗಿಗೆ. ಹನ್ನೆರಡು ವರ್ಷ ಆಯ್ತಮ್ಮ. ನಾಯೀನಾದ್ರೂ ಒಂದ್ಸಲ ಬೆನ್ನು ತಟ್ತಾರೆ."

ಈಲಿಷ್ ಕೊಳ್ಳಬಂದದ್ದನ್ನೂ ಮರೆತು ಮನೆಯ ದಾರಿ ಹಿಡಿದಳು. ಚಕ್ರವನ್ನು ಇವನಷ್ಟು ಬಲ್ಲವರು ಬೇರೆ ಯಾರಿದ್ದಾರೆ? ಮನೆಗೆ ಬಂದವಳೇ ಹೆರಿಂಗ್ ಮೀನು, ಆಲೂಗಡ್ಡೆಯ ತಟ್ಟೆಯನ್ನು ಗಂಡನ ಮುಂದೆ ಕುಕ್ಕಿದಳು.

"ನಾಳೆ ಹೋಗಿ ಅವನಿಗೊಂದು ಮಾತು ಹೇಳು."

"ಹುಚ್ಚಾ ನಿನಗೆ? ಹೇಳಿದ್ರೆ ಹೊರಟೇ ಹೋಗ್ತಾನೆ."

"ಹೇಳದೆ ಇದ್ದಿದ್ದಕ್ಕೇ ಹೊರಟಿದಾನೆ ಕಣೋ, ಮರದ ತಲೆಯೋನೇ!"

ಇಲಿಯಾಮ್ ಮೀನಿನ ಮುಳ್ಳು ಬಿಡಿಸುತ್ತ ಕೂತ. ಅವನ ಭಯ ಸುಳ್ಳಲ್ಲ. ಕೊನೆಗೆ ಆ ನೀರಿಗೆ ಇಳಿಯಬೇಕಾದವನು ಅವನೇ ತಾನೆ.

ಬೆಳಿಗ್ಗೆ ಈಲಿಷ್ ತಾನೇ ಹೊರಟಳು. ಪಾಳಿಗೆ ಇಳಿಯುವವರು ಚಕ್ರದ ಬುಡದಲ್ಲಿ ಸೇರಿದ್ದರು. ಇಲಿಯಾಮ್ ತೋಳು ಹಿಡಿಯುವಷ್ಟು ಹತ್ತಿರ ಬಂದು, "ಬೇಡ ಮಾರಾಯ್ತಿ" ಅಂದ. ಅವಳು ಕೇಳದೆ ಮೆಟ್ಟಿಲು ಹತ್ತಿ ಟ್ರೆಗೆಂಜಾನ ಎದುರು ನಿಂತಳು.

"ನನ್ನ ಗಂಡ ಮನೆಗೆ ಬಂದ. ನನ್ನ ಮಕ್ಕಳಿಗೆ ಅಪ್ಪ ಇದಾನೆ. ಅದು ನಿನ್ನಿಂದ. ನಿನ್ನ ಹೊಟ್ಟೆ ತಣ್ಣಗಿರಲಿ, ಜೋಯೆಲ್."

ಟ್ರೆಗೆಂಜಾ ಕೊಬ್ಬಿನ ಡಬ್ಬಿ ಕೆಳಗಿಟ್ಟ. ಅವನ ಕಣ್ಣಿಂದ ನೀರು ದಳದಳ ಇಳಿದು ಗಡ್ಡಕ್ಕೆ ಸೇರಿತು.

"ಅತ್ತ! ಮುಗೀತು ಕಥೆ!" ಎಂದು ಕೆಳಗೆ ಯಾರೋ ಗೋಳಾಡಿದರು.

ಟ್ರೆಗೆಂಜಾ ತೋಳಿನಿಂದ ಮುಖ ಒರೆಸಿಕೊಂಡ. ಕೊಬ್ಬಿನ ಮಸಿ ಹಣೆಗೆಲ್ಲ ಮೆತ್ತಿತು. ಕಿವಿಗೆ ಕೈ ಹಚ್ಚಿ ಬಗ್ಗಿ ಕೂಗಿದ: "ನೀರಿನ ಸದ್ದಿಗೆ ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಿ!"

ಹನ್ನೆರಡು ವರ್ಷ ಚಕ್ರದ ಒಂದು ಮೊಳೆ ಸಡಿಲಾದರೂ ಕೇಳಿಸಿಕೊಂಡ ಕಿವಿ ಅದು. ಕೆಳಗಿದ್ದವರು ಮುಖ ಮುಖ ನೋಡಿಕೊಂಡರು. ಮೊದಲು ಟೊಪ್ಪಿಗೆ ತೆಗೆದವನು ಇಲಿಯಾಮ್.

"ನಿನ್ನ ಹೊಟ್ಟೆ ತಣ್ಣಗಿರಲಿ ಕಣಣ್ಣ!" ಎಂದು ಗಂಟಲು ಹರಿಯುವಂತೆ ಕೂಗಿದ. ಅವನ ಹಿಂದೆ ಉಳಿದವರೂ ಕೂಗಿದರು.

ಶನಿವಾರದ ಹಡಗು ಟ್ರೆಗೆಂಜಾನನ್ನು ಬಿಟ್ಟು ಹೋಯಿತು. ಅವತ್ತೂ ಇಲಿಯಾಮ್ ಒಣಗಿದ ನೆಲದ ಮೇಲೆ ನಿಂತು ಅದಿರು ಕಡಿದು, ಹೊತ್ತಿಗೆ ಸರಿಯಾಗಿ ಊಟಕ್ಕೆ ಮನೆಗೆ ಬಂದ.