ಸಾರೋಟಿನ ಕುದುರೆಗೆ ಗೋಪೂಜೆ

ದೀಪಾವಳಿಯ ಬೆಳಿಗ್ಗೆ ನೋಡುತ್ತೇನೆ, ಅಮ್ಮ ಔಷಧಿ ಬಾಟಲಿಯ ಮುಚ್ಚಳವನ್ನು ಶೇಡಿಮಣ್ಣಿನಲ್ಲಿ ಅದ್ದಿ ಗೋಪೂಜೆಗೆ ದನಗಳಿಗೆ ಒತ್ತುವಂತೆ ನನ್ನ ಕುದುರೆಯ ಮೈತುಂಬ ಬಿಳಿ ವೃತ್ತ ಒತ್ತುತ್ತಿದ್ದಾಳೆ! ಸಾರೋಟು ಎಳೆಯುವ ಸ್ಪರ್ಧೆಯಲ್ಲಿ ಚಾಂಪಿಯನ್ ಆದ ವಿದೇಶಿ ಕುದುರೆಯ ಗೇಣುದ್ದದ ಮಾದರಿ ಅದು. ಬಣ್ಣ ಮಾಸೀತೆಂಬ ಹೆದರಿಕೆಗೆ ನಾನೇ ಉಸಿರು ಬಿಗಿಹಿಡಿದು ಅದರ ಧೂಳು ಒರೆಸುವವನು. ಈಗ ಅದರ ಬಾಯಿಯ ಮುಂದೆ ಕಡುಬು ಬೇರೆ.

“ಅಮ್ಮಾ, ಎಂತ ಮಾಡ್ದೆ ಇದು!”

“ಎಂತಕ್ ಬೊಬ್ಬಿ ಹೊಡಿತೆ ಮಗಾ? ದನದ ಹಟ್ಟಿ ಖಾಲಿ. ಇದೂ ಗಾಡಿ ಎಳು ಜೀವ ಅಲ್ದಾ? ವರ್ಷಕ್ಕೊಂದ್ ದಿನ ಇದ್ಕೂ ಹಬ್ಬ ಬ್ಯಾಡ್ದಾ?”

ತೊಳೆದರೆ ಬಣ್ಣ ಹೋದೀತು, ಬಿಟ್ಟರೆ ಕಲೆ ಉಳಿದೀತು ಎಂದು ನಾನಿನ್ನೂ ಒದ್ದಾಡುತ್ತಿದ್ದೇನೆ. ಅಮ್ಮನಿಗೆ ಆ ಚಿಂತೆಯಿಲ್ಲ. ಎತ್ತುಗಳನ್ನು ಮಾರಿದ ಮೇಲೆ ಸುಮ್ಮನಿದ್ದ ಅವಳ ಕೈ, ಹೋಗುತ್ತಾ ಬರುತ್ತಾ ಅದರ ಬೆನ್ನು ಸವರುತ್ತದೆ. ಅದನ್ನಿಡುವ ಕಪಾಟಿಗೆ ಬೀಗ ತಂದಿದ್ದೇನೆ, ಹಾಕಲು ಮನಸ್ಸಾಗುತ್ತಿಲ್ಲ.