ಮೇ ತಿಂಗಳ ಸ್ವೆಟರ್

ವಿಜಯಪುರದ ಮೇ ತಿಂಗಳಲ್ಲಿ ಸ್ವೆಟರ್ ಹಿಡಿದು ಮನೆ ಬಿಡುವ ಮನುಷ್ಯನನ್ನು ನೀವು ನೋಡಿರಲಿಕ್ಕಿಲ್ಲ. ಆ ಮಹಾನುಭಾವ ನಾನೇ. ಸಿದ್ಧೇಶ್ವರ ಗುಡಿಯ ಹತ್ತಿರದ ನಮ್ಮ ಹಳೇ ಕಲ್ಲಿನ ಕಚೇರಿಯಲ್ಲಿ ಏಸಿಯ ಗಾಳಿ ಹುಡುಕಿಕೊಂಡು ಬಂದು ನನ್ನ ಬೋಳುತಲೆಗೇ ಬಡಿಯುತ್ತದೆ. ಹೊರಗೆ ಕೆಂಡದಂಥ ಬಿಸಿಲು, ಒಳಗೆ ನನ್ನ ಸೀನು.

ಈ ವೈಭವದ ಮೂಲಪುರುಷನೂ ನಾನೇ. ಇಪ್ಪತ್ತು ವರ್ಷದ ಹಿಂದೆ, ಕಚೇರಿ ಆಧುನಿಕವಾಗಿ ಕಾಣಬೇಕೆಂಬ ಉತ್ಸಾಹದಲ್ಲಿ, ಎತ್ತರದ ಛಾವಣಿಯ ಕೆಳಗೆ ಫಾಲ್ಸ್ ಸೀಲಿಂಗ್ ಹೊದಿಸಿ, ಗೋಡೆಯ ಮೇಲ್ತುದಿಯ ಗವಾಕ್ಷಿಗಳನ್ನು ಮುಚ್ಚಿ, ಏಸಿ ಕೂರಿಸಬೇಕೆಂದು ಸುಂದರವಾದ ಟಿಪ್ಪಣಿ ಬರೆದವನು ನಾನು. ‘ಫಾಲ್ಸ್’ ಎಂದು ಸೀಲಿಂಗಿನ ಹೆಸರಿನಲ್ಲೇ ಸುಳ್ಳಿದ್ದರೂ ಆಗ ಯಾರಿಗೂ ಅನುಮಾನ ಬರಲಿಲ್ಲ.

ಈಗ ಮೇಲಿನಿಂದ ಆದೇಶ: ಕರೆಂಟು ಉಳಿಸಿ ಇಂಗಾಲ ತಗ್ಗಿಸಿ, ಇಲ್ಲವಾದರೆ ಈ ಕಟ್ಟಡ ಕೆಡವಿ ಸೊಲ್ಲಾಪುರ ರಸ್ತೆಯಲ್ಲಿ ಗಾಜಿನ ಕಚೇರಿ ಕಟ್ಟುತ್ತೇವೆ. ಈ ಬಿಸಿಲೂರಿನಲ್ಲಿ ಗಾಜು! ಇಂಗಾಲ ಉಳಿಸುವ ನೆಪದಲ್ಲಿ ಮೊಳದಪ್ಪದ ಕಲ್ಲುಗೋಡೆ ಒಡೆದು ಮತ್ತೆ ಸಿಮೆಂಟು ಸುರಿಯುವ ಈ ಬುದ್ಧಿಗೆ ಏನೆನ್ನಬೇಕೋ, ನೀವೇ ಹೇಳಿ. ನನ್ನ ಸಿಟ್ಟು ನೆತ್ತಿಗೇರಿತು. ನನ್ನ ಸೇವೆಯೆಲ್ಲ ಕಳೆದದ್ದು ಅಲ್ಲಿ. ಅದನ್ನು ಕೆಡವಿದರೆ ಪಾಪ ನನ್ನ ಟಿಪ್ಪಣಿಗೇ ತಗಲುತ್ತದೆ.

ಪರಿಶೀಲನೆಗೆ ಬಂದ ಇಂಜಿನಿಯರ್ ಹುಡುಗಿ ಸೀಲಿಂಗಿನ ಹಲಗೆಯೊಂದನ್ನು ಸರಿಸಿ ನೋಡಿ, "ಏಸಿ ಬರೂಕಿಂತ ಮೊದಲ ಇಲ್ಲಿ ತಂಪ ಹೆಂಗ ಇರ್ತಿತ್ತರಿ ಸರ್?" ಎಂದಳು. ಉತ್ತರ ಗೊತ್ತಿದ್ದವರು ನಿವೃತ್ತ ಜವಾನ ದಸ್ತಗೀರ ಚಾಚಾ. ಸಂಜೆ ಗವಾಕ್ಷಿ ತೆರೆದು ರಾತ್ರಿಯ ತಂಪು ಒಳಬಿಟ್ಟು, ಮುಂಜಾನೆ ಬಿಸಿಲೇರುವ ಮೊದಲೇ ಮುಚ್ಚುವುದು ಅವರ ನಿತ್ಯವ್ರತವಾಗಿತ್ತು. ಅದಕ್ಕೆಂದೇ ತುದಿಗೆ ಕೊಕ್ಕೆಯಿದ್ದ ಉದ್ದನೆಯ ಬಿದಿರಿನ ಗಳವೊಂದನ್ನು ಇಟ್ಟುಕೊಂಡಿದ್ದರು. ಅದನ್ನು ನೋಡಿ ನಾವೆಲ್ಲ ನಗುತ್ತಿದ್ದೆವು.

ಇಬ್ರಾಹಿಂಪುರದ ಅವರ ಮನೆಗೆ ಹೋದರೆ ಅದೇ ಗಳ ಅಂಗಳದಲ್ಲಿ ಬಟ್ಟೆ ಹೊತ್ತು ನಿಂತಿತ್ತು. "ನಿರುಪಯುಕ್ತ ವಸ್ತು ಅಂತ ನೀವ ಬರ್ದು ಹೊರಗ ಒಗಿಸಿದ್ರಿ ಸಾಹೇಬ್ರ, ನಾ ಎತ್ಕೊಂಡ ಬಂದ್ನಿ," ಎಂದು ಚಾಚಾ ಚಹಾ ಕೊಟ್ಟರು. ನಾಚಿಕೊಂಡೇ ನಾನು ಗವಾಕ್ಷಿ ತೆರೆದು ಮುಚ್ಚುವ ಹೊತ್ತು ಕೇಳಿ ಬರೆದುಕೊಂಡೆ.

ಮೊದಲು ನನ್ನ ಕೋಣೆಯ ಸೀಲಿಂಗ್ ಬಿಚ್ಚಿಸಿ, ಗವಾಕ್ಷಿ ಬಿಡಿಸಿ, ಏಸಿ ಬಂದ್ ಮಾಡಿಸಿದೆವು. ಚಾಚಾ ಬಂದು ಗಳವನ್ನು ನನ್ನ ಕೈಗಿಟ್ಟರು: "ನನ್ನ ತೋಳ ಮ್ಯಾಲ ಏಳಂಗಿಲ್ಲರಿ. ಇನ್ನ ನೀವ ತಗೀರಿ, ನೀವ ಮುಚ್ಚರಿ." ವಾರದ ಮೇಲೆ ಇಂಜಿನಿಯರ್ ಹುಡುಗಿ ಮತ್ತೆ ಬಂದು ಕೋಣೆಯ ಬಿಸಿ ಅಳೆದು, ಫ್ಯಾನು ಸಾಕು, ಕಟ್ಟಡ ಉಳಿಸಬಹುದು ಎಂದು ವರದಿ ಬರೆದಳು. ಮೇಲಿನವರು ಇನ್ನೂ ಅದನ್ನು ಬಿಡಿಸಿಯೂ ನೋಡಿಲ್ಲ. ನೋಡುವವರೆಗೆ ಗಳ ಬಿಡುವುದಿಲ್ಲವೆಂದು ನಾನೂ ಹಟ ಹಿಡಿದಿದ್ದೇನೆ.

ಅಭ್ಯಾಸಬಲದಿಂದ ನಿನ್ನೆಯವರೆಗೂ ಸ್ವೆಟರ್ ಬಗಲಲ್ಲೇ ಇತ್ತು. ಇವತ್ತು ಗವಾಕ್ಷಿ ಮುಚ್ಚಲೆಂದು ಬೆಳಿಗ್ಗೆ ಬೇಗ ಹೊರಟಾಗ, ಹೆಂಡತಿ ಗೂಟದ ಕಡೆ ನೋಡಿ ಗಾಬರಿಯಾದಳು: "ಸ್ವೆಟರ್ ಬಿಟ್ಟ ಹೊಂಟೀರಲ್ಲರಿ, ಆರಾಮ ಅದೀರಿಲ್ಲ?"