ಮೈಕಮ್ಮನ ಬಾಯಿಗೆ ಸಿಕ್ಕ ಹುಡುಗಿ

ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ನಿಲ್ದಾಣದ ಮೈಕಿನಲ್ಲಿ ಕೂಗುವುದು ಅವಳ ಕೆಲಸ. ಹಾಗಾಗಿ ಊರಿಗೆಲ್ಲ ಅವಳು ಮೈಕಮ್ಮ. ಮೈಕು ಆರಿದ ಮೇಲೂ ಅವಳ ಮಾತು ಆರುತ್ತಿರಲಿಲ್ಲ. ಆದರೆ ಮೇಲಿನ ದವಡೆಹಲ್ಲೊಂದು ಹುಳುಕಾಗಿ ಸಿಡಿಯತೊಡಗಿದಾಗ ಬಸ್ಸುಗಳೆಲ್ಲ ಅವಳ ಬಾಯಲ್ಲೇ ದಾರಿ ತಪ್ಪಿದವು. ಮದುವೆಗೆ ಹೊರಟಿದ್ದ ಇಡೀ ಸಂಸಾರವೊಂದು ಅವಳನ್ನು ನಂಬಿ ತದ್ವಿರುದ್ಧ ದಿಕ್ಕಿನ ಬಸ್ಸು ಹತ್ತಿ ಹೋಯಿತು.

"ಕೀಳಿಸಿ ಬಿಸಾಕೇ" ಎಂದ ಗಂಡ.

"ದಂತ ಕಾಲೇಜಲ್ಲಿ ರೂಟ್ ಕೆನಾಲ್ ಮಾಡಿ ಹಲ್ಲು ಉಳಿಸ್ತಾರಂತೆ ರೀ."

"ಅಲ್ಲಿ ಮಾಡೋರು ಇನ್ನೂ ಓದೋ ಮಕ್ಕಳು. ಹೊಸ ವೈದ್ಯನಿಗಿಂತ ಹಳೇ ರೋಗಿ ವಾಸಿ!"

"ನಾನೂ ಹೊಸ ರೋಗೀನೇ. ಈಡುಜೋಡು ಸರಿಯಾಗಿದೆ ಬಿಡಿ."

ಅವಳ ಪಾಲಿಗೆ ಬಂದದ್ದು ಕೊನೆಯ ವರ್ಷದ ವಿದ್ಯಾರ್ಥಿನಿ. ಗಾಬರಿಯಲ್ಲಿ ಆ ಹುಡುಗಿ ಕನ್ನಡಿ ಎತ್ತಿಕೊಳ್ಳಲು ಹೋಗಿ ಚಿಮಟ ಬೀಳಿಸಿದಳು. ಹಲ್ಲಿನ ಸುತ್ತ ರಬ್ಬರ್ ಹಾಳೆ ಬಿಗಿದು, "ನೋವಾದ್ರೆ ಕೈ ಎತ್ತಿ ಆಂಟಿ" ಎಂದಳು. ಮೈಕಮ್ಮ ತಕ್ಷಣ ಕೈ ಎತ್ತಿದಳು. ಹುಡುಗಿ ಬೆಚ್ಚಿಬಿದ್ದು ಹಾಳೆ ಬಿಚ್ಚಿದಳು.

"ನೋವಲ್ಲಮ್ಮಾ, ನಿಂಗೆ ಯಾವೂರು ಅಂತ ಕೇಳೋಣ ಅಂತ."

ಹೀಗೆ ಅವಳ ಅಪ್ಪ, ಅಮ್ಮ, ಹಾಸ್ಟೆಲ್ ಊಟ ಎಲ್ಲ ವಿಚಾರಣೆಯಾಗುವ ಹೊತ್ತಿಗೆ ಹುಡುಗಿಯ ಗಾಬರಿ ತಾನಾಗಿಯೇ ಬಿಟ್ಟಿತ್ತು. ಬೇರಿನೊಳಗಿನ ಮೂರು ನಾಳ ಚೊಕ್ಕಟ ಮಾಡಿ ಅವಳು ಪ್ರೊಫೆಸರನ್ನು ಕರೆದಳು.

"ಈ ಹಲ್ಲಲ್ಲಿ ಸಾಮಾನ್ಯವಾಗಿ ನಾಲ್ಕು ಇರತ್ತೆ. ನಾಲ್ಕನೇದು ಎಲ್ಲಿ?" ಎಂದರು ಅವರು.

"ಇರೋದೇ ಮೂರು, ಸರ್."

"ಇರೋದು ಮೂರೋ, ನಿಂಗೆ ಸಿಕ್ಕಿದ್ದು ಮೂರೋ?"

ಹುಡುಗಿ ಮತ್ತೆ ಬಗ್ಗಿದಳು. ಮೈಕಮ್ಮನ ದವಡೆ ಮರಗಟ್ಟಿತು. ಕೊನೆಗೆ ಕೂದಲೆಳೆಯಷ್ಟು ಸಣ್ಣ ನಾಳವೊಂದು ಸಿಕ್ಕಾಗ ಹುಡುಗಿ "ಸಿಕ್ತು!" ಎಂದು ಕಿರುಚಿದ ರಭಸಕ್ಕೆ ಪಕ್ಕದ ಕುರ್ಚಿಯ ರೋಗಿ ಎದ್ದು ನಿಂತ.

ನೋವು ಹೋಯಿತು. ನೋವಿನ ಜೊತೆ ಕಾಲೇಜಿನ ನೆನಪೂ ಹೋಯಿತು. ನಾಳ ತುಂಬಿದ ಹಲ್ಲಿನ ಮೇಲೆ ಕ್ಯಾಪ್ ಹಾಕಿಸಲು ಬರಹೇಳಿದ್ದರೂ ಮೈಕಮ್ಮ ಆ ಕಡೆ ತಲೆಹಾಕಲಿಲ್ಲ. ಕಾದು ಕಾದು ಹುಡುಗಿಯೇ ಒಂದು ಮಧ್ಯಾಹ್ನ ನಿಲ್ದಾಣದ ಮೈಕಿನ ಕೋಣೆಗೆ ಬಂದಳು.

"ಆಂಟಿ, ಕ್ಯಾಪ್ ಇಲ್ದಿದ್ರೆ ಹಲ್ಲು ಸೀಳಿಹೋಗತ್ತೆ! ನಾನು ಪಟ್ಟ ಪಾಡೆಲ್ಲ ನೀರಲ್ಲಿ ಹೋಮ. ನಿಮ್ಮ ಕಾಲಿಗೆ ಬೀಳ್ತೀನಿ, ಬನ್ನಿ!"

ಮೈಕು ಆನ್ ಆಗಿಯೇ ಇತ್ತು. ನಿಲ್ದಾಣಕ್ಕೆ ನಿಲ್ದಾಣವೇ ಕಿಟಕಿಯತ್ತ ತಿರುಗಿತು. "ಹೋಗಿ ಬಾರಮ್ಮಾ, ಬಸ್ಸು ನಾವೇ ಹುಡುಕ್ಕೋತೀವಿ!" ಎಂದು ಒಬ್ಬ ಮುದುಕ ಕೂಗಿದ. ಮೈಕಮ್ಮ ನಾಚಿ ನೀರಾಗಿ ಹುಡುಗಿಯ ಹಿಂದೆ ನಡೆದಳು.

ವರ್ಷದ ನಂತರ ಎಕ್ಸ್‌ರೇ ತೆಗೆದಾಗ ಬೇರಿನ ತುದಿಯಲ್ಲಿ ಮೊದಲು ಕಂಡಿದ್ದ ಸೋಂಕಿನ ಕಪ್ಪು ನೆರಳು ಮಾಯವಾಗಿತ್ತು.

"ಒಂದು ನಾಳವನ್ನೂ ಬಿಡದೆ ತುಂಬಿದ್ದಾಳೆ, ಹೊತ್ತಿಗೆ ಸರಿಯಾಗಿ ಕ್ಯಾಪ್ ಬಿದ್ದಿದೆ. ಹಲ್ಲು ಉಳೀತು" ಎಂದರು ಪ್ರೊಫೆಸರ್.

"ನಾನು ಅಷ್ಟು ಹೊತ್ತು ಬಾಯಿ ಮುಚ್ಕೊಂಡು ಕೂತಿದ್ದು ಲೆಕ್ಕಕ್ಕಿಲ್ವಾ ಸಾರ್?"

"ಬಾಯಿ ತೆಕ್ಕೊಂಡೇ ಕೂತಿದ್ರಲ್ಲ ಆಂಟಿ!" ಎಂದಳು ಹುಡುಗಿ.

ಮೈಕಮ್ಮ ಬಾಯಿ ತುಂಬ ನಕ್ಕಳು. ಹುಡುಗಿ ಅಭ್ಯಾಸಬಲದಿಂದ ಬಗ್ಗಿ ಒಳಗೆ ಇಣುಕಿಯೇಬಿಟ್ಟಳು.